ಅಪ್ಪನ ಆರ್.ಸಿ. ಪುಸ್ತಕ ವಾಪಸ್ ಕೊಡಿಸಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯಮಂತ್ರಿಗಳಿಗೆ,

ವಿಷಯ: ತೀರಿಕೊಂಡ ಟಿಬೆಟನ್ ನಿರಾಶ್ರಿತರ ನೋಂದಣಿ ಪುಸ್ತಕಗಳನ್ನು ಅವರ ಮಕ್ಕಳಿಗೆ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಟೀಚರು. ಪ್ರತಿ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೊಸ ಮಕ್ಕಳು ಬಂದಾಗ ಮೊದಲ ದಿನ ಪಾಠ ನಡೆಯುವುದಿಲ್ಲ. ನನ್ನ ಮುಖ ನೋಡಿಕೊಂಡು ಗುಸುಗುಸು. ಸ್ವಲ್ಪ ಧೈರ್ಯ ಇರುವ ಹುಡುಗನೊಬ್ಬ ಎದ್ದು, “ಮಿಸ್, ನೀವು ಮಣಿಪುರದವರಾ?” ಎಂದು ಕೇಳುತ್ತಾನೆ. ಪೋಷಕರ ಸಭೆಗೆ ಬಂದವರು, “ಕನ್ನಡ ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದೀರಿ” ಎಂದು ಮೆಚ್ಚಿ ಹೋಗುತ್ತಾರೆ. ಕಲಿತದ್ದೇನೂ ಅಲ್ಲ, ಪಿರಿಯಾಪಟ್ಟಣದ ಕಡೆಯ ನನ್ನ ಅವ್ವನ ಮಾತು ಅದು. ಮುಖವಷ್ಟೇ ಅಪ್ಪನದು.

ಅಪ್ಪ ಟಿಬೆಟಿನವರು. ಲ್ಹಾಸಾದಿಂದ ಉತ್ತರಕ್ಕೆ ಬೆಟ್ಟ ದಾಟಿದರೆ ಸಿಗುವ ಪೆನ್ಪೊ ಎಂಬ ಕಣಿವೆಯವರು. 1959ರಲ್ಲಿ ಭಾರತಕ್ಕೆ ಬಂದರು, 2013ರ ಕೊನೆಯಲ್ಲಿ ನನ್ನ ಮನೆಯ ನಡುಮನೆಯಲ್ಲಿ ತೀರಿಕೊಂಡರು. ಆ ಐವತ್ತನಾಲ್ಕು ವರ್ಷಗಳ ಬಗ್ಗೆ ಬರವಣಿಗೆಯಲ್ಲಿ ಇದ್ದದ್ದು ಒಂದೇ, ವಿದೇಶಿಯರ ನೋಂದಣಿ ಪುಸ್ತಕ. ನಮ್ಮ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಕಡೆ ಎಲ್ಲರೂ ಆರ್.ಸಿ. ಅನ್ನುವುದು. ಅದು ಈಗ ಸರ್ಕಾರದ ಯಾವುದೋ ಗೋದಾಮಿನಲ್ಲಿದೆ, ಇಲ್ಲವೇ ಇದ್ದಿತ್ತು. ಅದನ್ನು ಕೇಳುವುದಕ್ಕೇ ತಮಗೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಡೆದದ್ದು ಹೇಳುತ್ತೇನೆ. ಅಪ್ಪ ಕೊನೆಯ ಐದಾರು ವರ್ಷ ಬೈಲಕುಪ್ಪೆ ಬಿಟ್ಟು ನನ್ನ ಜೊತೆ ಬೇರೆ ಊರಲ್ಲಿದ್ದರು. ತೀರಿಕೊಂಡ ಇಪ್ಪತ್ತನೇ ದಿನ ನಾನು ಅಲ್ಲಿನ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ, ಅಲ್ಲಿ ಕೂತಿದ್ದವರ ಮೇಲೆ ನನಗೆ ಸಿಟ್ಟಿಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಮರಣ ಪ್ರಮಾಣಪತ್ರದ ಜೆರಾಕ್ಸ್, ಆರ್.ಸಿ.ಯ ಮೊದಲ ಪುಟ ಮತ್ತು ಕೊನೆಯ ನವೀಕರಣದ ಪುಟದ ಜೆರಾಕ್ಸ್, ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಕೇಳಿದರು. ಕೊಟ್ಟೆ. ಆಮೇಲೆ ಪುಸ್ತಕವನ್ನೂ ಕೇಳಿದರು. “ಹಳೆಯ ಎರಡು ಪುಸ್ತಕದ ಅವಧಿ ಯಾವಾಗಲೋ ಮುಗಿದಿದೆಯಲ್ಲ ಸಾರ್, ಅವನ್ನಾದರೂ ಇಟ್ಟುಕೊಳ್ಳಲಾ?” ಎಂದೆ. “ಇಲ್ಲಮ್ಮ, ಇದು ಸರ್ಕಾರದ ಸ್ವತ್ತು, ಒಪ್ಪಿಸಲೇಬೇಕು” ಎಂದರು. ಒಪ್ಪಿಸಿದೆ. ಒಂದು ಚೀಟಿಯ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಒತ್ತಿ ಕೊಟ್ಟರು. ಆ ಚೀಟಿ ಇಂದಿಗೂ ನನ್ನ ಹತ್ತಿರ ಇದೆ.

ಸತ್ತವರ ಹೆಸರಿನ ಗುರುತಿನ ಪುಸ್ತಕ ಹೊರಗೆ ಓಡಾಡಬಾರದು ಎಂಬುದು ನನಗೂ ಅರ್ಥವಾಗುತ್ತದೆ. ಆದರೆ ಆ ಪುಸ್ತಕದೊಳಗೆ ಏನಿತ್ತು ಎಂದು ತಿಳಿಯಬೇಕಾದರೆ ಅಪ್ಪ ಯಾರು ಎಂದು ತಾವು ಸ್ವಲ್ಪ ಕೇಳಬೇಕು.

1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ಚೀನಾದ ಆಳ್ವಿಕೆಯ ವಿರುದ್ಧ ದಂಗೆ ಎದ್ದು, ದಲೈ ಲಾಮಾ ಅವರು ಅದೇ ತಿಂಗಳ 31ಕ್ಕೆ ಭಾರತದ ಗಡಿಯೊಳಗೆ ಬಂದರು. ಹಿಂದೆಯೇ ಬಂದ ಸುಮಾರು 80,000 ಜನರಲ್ಲಿ ನನ್ನ ಅಪ್ಪ ಒಬ್ಬರು. ವಯಸ್ಸು ಇಪ್ಪತ್ತೈದು. ಊರಲ್ಲಿ ಹೆಂಡತಿ, ಎರಡು ವರ್ಷದ ಮಗಳು. ಹಿಮ ಕರಗುವುದರೊಳಗೆ ವಾಪಸ್ ಬರುತ್ತೇನೆ ಎಂದು ಹೇಳಿ ಹೊರಟವರು. ಇದನ್ನು ಅಪ್ಪ ಎಂದೂ ಮುಚ್ಚಿಡಲಿಲ್ಲ, ಹಾಗೆಂದು ಬಿಡಿಸಿಯೂ ಹೇಳಲಿಲ್ಲ. ಅಸ್ಸಾಮಿನ ಮಿಸಾಮಾರಿ ಶಿಬಿರದ ಬಿದಿರಿನ ಶೆಡ್ಡುಗಳಲ್ಲಿ ಸೆಖೆಗೆ, ಭೇದಿಗೆ ಜನ ಸತ್ತದ್ದನ್ನು ಮಾತ್ರ ಹೇಳುತ್ತಿದ್ದರು. ಉಣ್ಣೆಯ ನಿಲುವಂಗಿ ಬಿಟ್ಟರೆ ಬೇರೆ ಬಟ್ಟೆ ಇರಲಿಲ್ಲವಂತೆ. ಆಮೇಲೆ ಹಿಮಾಚಲದ ಚಂಬಾ ಕಡೆ ರಸ್ತೆ ಕೆಲಸ, ಕಲ್ಲು ಒಡೆಯುವುದು. 1961ರಲ್ಲಿ ಮೈಸೂರಿನವರೆಗೆ ರೈಲು, ಅಲ್ಲಿಂದ ಲಾರಿಯಲ್ಲಿ ಬೈಲಕುಪ್ಪೆಗೆ.

ಈ ನೆಲ ಕೊಟ್ಟದ್ದು ತಾವು ಕೂತಿರುವ ಕುರ್ಚಿ. ನೆಹರೂ ಅವರು ರಾಜ್ಯಗಳಿಗೆ ಪತ್ರ ಬರೆದು ಕೇಳಿದಾಗ ಮೈಸೂರು ರಾಜ್ಯ ಸುಮಾರು 3,000 ಎಕರೆ ಕೊಟ್ಟಿತು. ಕ್ಯಾಂಪಿನ ಹಿರಿಯರ ಬಾಯಲ್ಲಿ ಅದು ನಿಜಲಿಂಗಪ್ಪನವರು ಕೊಟ್ಟ ನೆಲ. ದಲೈ ಲಾಮಾ ಅವರೂ ಎಷ್ಟೋ ಸಲ ಅವರ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದ್ದಾರೆ. 1958ರಿಂದ 1962ರವರೆಗೆ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿಯವರು ಎಂದು ನಾನೊಮ್ಮೆ ಪಾಂಡಿತ್ಯ ತೋರಿಸಲು ಹೋದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, “ಅವರಿಗೂ ಒಳ್ಳೇದಾಗಲಿ” ಎಂದರು.

ಕೊಟ್ಟದ್ದು ಕಾಡು. ಹಗಲು ಮರ ಕಡಿದು ಬೊಡ್ಡೆ ಕೀಳುವುದು, ರಾತ್ರಿ ಆನೆ ಬಂದರೆ ಡಬ್ಬ ಬಡಿಯುವುದು. ಆನೆಯನ್ನು ಅಪ್ಪ ಅದಕ್ಕೂ ಮೊದಲು ನೋಡಿದ್ದು ಗೊಂಪಾದ, ಅಂದರೆ ಬೌದ್ಧ ಮಠದ, ಗೋಡೆಯ ಚಿತ್ರದಲ್ಲಿ ಮಾತ್ರ. ಚಿತ್ರದ ಆನೆಯ ಬೆನ್ನ ಮೇಲೆ ಕೋತಿ, ಮೊಲ, ಹಕ್ಕಿ ಎಲ್ಲಾ ಕೂತಿರುತ್ತವೆ, ಇಲ್ಲಿಯ ಆನೆ ಗುಡಿಸಲು ಕಿತ್ತು ಎಸೆಯಿತು ಎಂದು ನಗುತ್ತಿದ್ದರು. ಬಾರ್ಲಿ ತಿಂದು ಬೆಳೆದವರು ಮುಸುಕಿನ ಜೋಳ ಬಿತ್ತುವುದು ಕಲಿತರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಕ್ಯಾಂಪುಗಳಾದವು. ಸ್ವಸಹಾಯ ಸಂಘಗಳಿಂದ ನಮ್ಮ ಹಳ್ಳಿಗಳಿಗೆಲ್ಲ ಗೊತ್ತಿರುವ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಜನರಿಗೆ ನೆಲೆ ಮಾಡಿಕೊಡಲು. ಇದೆಲ್ಲ ಈ ರಾಜ್ಯ ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಮಾತು. ನಾನು ಅದನ್ನು ಮರೆತು ಈ ದೂರು ಬರೆಯುತ್ತಿಲ್ಲ.

ನನ್ನ ಅವ್ವ ಕ್ಯಾಂಪಿಗೆ ಜೋಳ ಮುರಿಯಲು ಕೂಲಿಗೆ ಬರುತ್ತಿದ್ದವಳು. ಹೇಗೆ ಏನು ಎಂದು ಇಬ್ಬರೂ ನಮಗೆ ಹೇಳಲಿಲ್ಲ. 1969ರಲ್ಲಿ ಅವಳು ಕೂಲಿ ಮುಗಿಸಿ ಊರಿಗೆ ಹೋಗದೆ ಕ್ಯಾಂಪಿನಲ್ಲೇ ಉಳಿದಳು. ಅವಳ ಅಣ್ಣ, “ನಮ್ಮ ಪಾಲಿಗೆ ಸತ್ತಳು” ಎಂದು ತಲೆಗೆ ನೀರು ಹಾಕಿಕೊಂಡನಂತೆ. ಹದಿನಾಲ್ಕು ವರ್ಷ ಆದಮೇಲೆ ಅದೇ ಮಾವ ಒಂದು ಮೂಟೆ ರಾಗಿ ಹೊತ್ತು ತಂದು ನಮ್ಮ ಜಗಲಿಯ ಮೇಲೆ ಇಳಿಸಿ, ಒಳಗೆ ಬರದೆ ನಿಂತಿದ್ದ. ಅಪ್ಪ ಎದ್ದು ಹೋಗಿ ಅವನ ಕೊರಳಿಗೆ ಖತಾ, ಅಂದರೆ ಟಿಬೆಟನ್ನರು ಗೌರವಕ್ಕೆ ಹಾಕುವ ಬಿಳಿಯ ವಸ್ತ್ರ, ಹಾಕಿದರು. ಮಾವನಿಗೆ ಅದು ಏನೆಂದು ಗೊತ್ತಿಲ್ಲ, ಟವಲು ಎಂದುಕೊಂಡು ಮುಖ ಒರೆಸಿಕೊಂಡ. ಅವ್ವ ಬಾಗಿಲ ಹಿಂದೆ ನಿಂತು ಅಳುತ್ತ ನಕ್ಕದ್ದು ನನಗೆ ನೆನಪಿದೆ.

ಅಪ್ಪನನ್ನು ನಾವು ಪಾಲಾ ಎನ್ನುತ್ತಿದ್ದೆವು. ಪಾ ಅಂದರೆ ಅಪ್ಪ, ಲಾ ಅಂದರೆ ನಮ್ಮ ‘ಅವರು’ ಇದ್ದ ಹಾಗೆ. ಕನ್ನಡ ಅವರಿಗೆ ಚೆನ್ನಾಗಿಯೇ ಬಂತು, ‘ಳ’ ಒಂದು ಬಿಟ್ಟು. ಜೋಳ ಜೋಲವಾಗುತ್ತಿತ್ತು, ಮಳೆ ಮಲೆಯಾಗುತ್ತಿತ್ತು. “ಮಲೆ ಬಂತು” ಎಂದು ಹೊರಗಿನಿಂದ ಕೂಗಿದರೆ, ಒಣಗಿದ ಬಟ್ಟೆ ಎಳೆದುಕೊಳ್ಳುತ್ತಲೇ ಅವ್ವ, “ಎಷ್ಟು ದೊಡ್ಡ ಬೆಟ್ಟ ಬಂತು?” ಎಂದು ಕೇಳುವಳು.

ಈಗ ಪುಸ್ತಕದ ವಿಷಯ. ಮೊದಮೊದಲು ಆರ್.ಸಿ.ಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಐದು ವರ್ಷಕ್ಕೊಮ್ಮೆ ಎಂದಾಗಿದ್ದು ತೀರಾ ಇತ್ತೀಚೆಗೆ. ನವೀಕರಣದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದರು, ಅವ್ವ ಬುತ್ತಿ ಕಟ್ಟುತ್ತಿದ್ದಳು, ಒಂಬತ್ತನೇ ವಯಸ್ಸಿನಿಂದ ನಾನು ದುಭಾಷಿಯಾಗಿ ಹೋಗುತ್ತಿದ್ದೆ. ಒಂದು ಸಲ ಹೊರಗೆ ಧೋ ಎಂದು ಸುರಿಯುತ್ತಿತ್ತು. ಸಾಹೇಬರು ಮೊಹರು ಒತ್ತುತ್ತ, ಬಹುಶಃ ತಮಾಷೆಗೇ, “ಏನಪ್ಪಾ, ಯಾವಾಗ ವಾಪಸ್ ಹೋಗ್ತೀಯ?” ಎಂದು ಕೇಳಿದರು. ಅಪ್ಪ ಕಿಟಕಿಯ ಕಡೆ ನೋಡಿ, “ಮಲೆ ನಿಂತ ಮೇಲೆ ಸಾರ್” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಯಾಕೆ ನಕ್ಕರು ಎಂದು ಅಪ್ಪನಿಗೆ ತಿಳಿಯಲಿಲ್ಲ, ನಾನೂ ಅನುವಾದಿಸಲು ಹೋಗಲಿಲ್ಲ.

ಮೊದಲ ಪುಟದ ಫೋಟೋದಲ್ಲಿ ಅಪ್ಪನ ತಲೆಗೆ ಸುತ್ತಿದ ಜಡೆಯಿತ್ತು. ಎರಡನೇ ಪುಸ್ತಕದಲ್ಲಿ ಜಡೆಯಿಲ್ಲ, ಮೀಸೆಯ ಪ್ರಯತ್ನ ಒಂದು ಇದೆ. ಮೂರನೆಯದರಲ್ಲಿ ಮಾರಾಟಕ್ಕೆ ತಂದ ಸ್ವೆಟರನ್ನೇ ಹಾಕಿಕೊಂಡು ತೆಗೆಸಿಕೊಂಡ ಫೋಟೋ, ಕೊರಳ ಹತ್ತಿರ ಲೇಬಲ್ಲು ಕಾಣುತ್ತದೆ. ಅಪ್ಪನಿಗೆ ಓದು ಬರಹ ಇರಲಿಲ್ಲ, ಹೆಬ್ಬೆಟ್ಟು. ಮೊದಲ ಪುಸ್ತಕದ ಹೆಬ್ಬೆಟ್ಟಿನಲ್ಲಿ ಗೆರೆಗಳು ನೇಗಿಲ ಸಾಲಿನಂತೆ ಬಿಡಿಬಿಡಿಯಾಗಿದ್ದವು. ಕೊನೆಕೊನೆಗೆ ಗೆರೆ ಸವೆದುಹೋಗಿ ಮಸಿ ಒಂದು ಮುದ್ದೆಯಾಗಿ ಮೂಡುತ್ತಿತ್ತು. ಚಳಿಗಾಲದ ಮೂರು ತಿಂಗಳು ಲೂಧಿಯಾನದ ಸ್ವೆಟರುಗಳನ್ನು ಸಾಲಕ್ಕೆ ತಂದು ಹುಬ್ಬಳ್ಳಿ, ದಾವಣಗೆರೆಯ ಬೀದಿಬದಿಯಲ್ಲಿ ಮಾರುತ್ತಿದ್ದರು. ಜನ ಅದನ್ನು ನೇಪಾಳಿ ಸ್ವೆಟರ್ ಎನ್ನುವರು, ಕೆಲವರು ಅಪ್ಪನನ್ನೇ ಚೀನಾದವನು ಎನ್ನುವರು. ಯಾರ ಕಾರಣಕ್ಕೆ ಮನೆ ಬಿಟ್ಟರೋ ಅವರದೇ ಹೆಸರು. ಪೊಲೀಸರು ಕೇಳಿದಾಗ ಅಂಗಿಯ ಒಳಜೇಬಿನಿಂದ ಆ ಪುಸ್ತಕ ತೆಗೆದು ತೋರಿಸುತ್ತಿದ್ದರು. ಮನೆಯಲ್ಲಿ ಅದರ ಜಾಗ ದೇವರ ಪಕ್ಕ. ಮನೆಗೆ ಬೆಂಕಿ ಬಿದ್ದರೆ ಮೊದಲು ಏನು ಎತ್ತಬೇಕು ಎಂದು ನಮಗೆ ಬಾಯಿಪಾಠವಾಗಿತ್ತು.

ಇಷ್ಟು ಜೋಪಾನವಾದ ಪುಸ್ತಕವಾದ್ದರಿಂದಲೇ ಅಪ್ಪ ಅದರಲ್ಲಿ ಇನ್ನೊಂದನ್ನೂ ಇಟ್ಟಿದ್ದರು.

1985ರ ಡಿಸೆಂಬರ್‌ನಲ್ಲಿ ಬೋಧಗಯೆಯಲ್ಲಿ ದಲೈ ಲಾಮಾ ಅವರ ಕಾಲಚಕ್ರ ದೀಕ್ಷೆ ನಡೆಯಿತು. ಅಷ್ಟರಲ್ಲಿ ಚೀನಾ ಗಡಿಯನ್ನು ಸ್ವಲ್ಪ ಸಡಿಲಿಸಿತ್ತು, ಟಿಬೆಟಿನೊಳಗಿನಿಂದಲೂ ಸಾವಿರಾರು ಯಾತ್ರಿಕರು ಬಂದಿದ್ದರು. ಅಪ್ಪ ಆ ಸಲ ಸ್ವೆಟರ್ ವ್ಯಾಪಾರವನ್ನೇ ಬಿಟ್ಟು ಹೋದರು. ಗುಡಾರದಿಂದ ಗುಡಾರಕ್ಕೆ, “ಪೆನ್ಪೊದವರು ಯಾರಾದರೂ ಇದ್ದೀರಾ?” ಎಂದು ಕೇಳುತ್ತ ಆರು ದಿನ ಅಲೆದರಂತೆ. ಆರನೇ ದಿನ ಪಕ್ಕದೂರಿನ ಒಬ್ಬ ಹೆಂಗಸು ಸಿಕ್ಕಳು. ಹೆಂಡತಿ ಸತ್ತು ಬಹಳ ವರ್ಷವಾಗಿತ್ತು. ಮಗಳು ಇದ್ದಾಳೆ, ಮದುವೆಯಾಗಿದೆ, ಇಬ್ಬರು ಮಕ್ಕಳು ಎಂದಳು. ಅವಳು ಕೊಟ್ಟ ಊರು, ಮನೆತನ, ಮಗಳ ಹೆಸರು, ಅಳಿಯನ ಹೆಸರು ಎಲ್ಲವನ್ನೂ ಅಪ್ಪ ಬಾಯಲ್ಲೇ ಜಪಿಸಿಕೊಂಡು ಬೈಲಕುಪ್ಪೆಯವರೆಗೆ ರೈಲಿನಲ್ಲಿ, ಬಸ್ಸಿನಲ್ಲಿ ಬಂದರು. ಬಂದವರು ಮನೆಗೂ ಬರದೆ ನೇರವಾಗಿ ಅಕ್ಷರ ಬಲ್ಲ ಗೆಳೆಯರ ಮನೆಗೆ ಹೋಗಿ ಬರೆಸಿಕೊಂಡರು. ಯಾವುದರಲ್ಲಿ ಬರೆಯಲಿ ಎಂದು ಅವರು ಕೇಳಿದಾಗ ಅಪ್ಪ ಕೊಟ್ಟದ್ದು ಒಳಜೇಬಿನ ಆರ್.ಸಿ. ಎರಡನೇ ಪುಸ್ತಕದ ಹಿಂದಿನ ರಟ್ಟಿನ ಒಳಬದಿಯಲ್ಲಿ, ಪೆನ್ಸಿಲಿನಲ್ಲಿ, ಟಿಬೆಟನ್ ಅಕ್ಷರದ ನಾಲ್ಕು ಸಾಲು.

ಅಂದು ರಾತ್ರಿ ಅಪ್ಪ ಅವ್ವನಿಗೆ ಏನು ಹೇಳಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಆದರೆ ಮಾರನೇ ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿ ಇನ್ನೊಬ್ಬಳು ಸೇರಿಕೊಂಡಳು. ಅಪ್ಪ ಅವಳನ್ನು ‘ಬುಮೋ’ ಎನ್ನುತ್ತಿದ್ದರು, ಅಂದರೆ ಮಗಳು, ಅಷ್ಟೇ. ಅವ್ವ ‘ದೊಡ್ಡವಳು’ ಎಂದಳು. ನಾನು ಹಿರಿಮಗಳು ಎಂದುಕೊಂಡು ಮೆರೆಯುತ್ತಿದ್ದವಳು ಹದಿನಾಲ್ಕನೇ ವಯಸ್ಸಿಗೆ ಎರಡನೆಯವಳಾದೆ. ಆ ವರ್ಷದ ಗೌರಿಹಬ್ಬಕ್ಕೆ ಅವ್ವ ಒಂದು ಮೊರದ ಬಾಗಿನ ಹೆಚ್ಚಿಗೆ ಕಟ್ಟಿದಳು. ಮದುವೆಯಾದ ಹೆಣ್ಣುಮಗಳಿಗೆ ತವರಿನ ಬಾಗಿನ ಹೋಗದಿದ್ದರೆ ಹೇಗೆ ಎನ್ನುವುದು ಅವಳ ಲೆಕ್ಕ. ಕಳಿಸುವುದೆಲ್ಲಿಗೆ? ಕ್ಯಾಂಪಿನ ಯಾರಾದರೂ ಟಿಬೆಟನ್ ಸೊಸೆಗೆ ಕೊಟ್ಟು, “ದೊಡ್ಡವಳಿಗೆ ಮುಟ್ಟಿದ ಹಾಗೆ” ಎನ್ನುವಳು. 2004ರಲ್ಲಿ ಅವ್ವ ತೀರುವವರೆಗೂ ಇದು ತಪ್ಪಲಿಲ್ಲ. ಬಳೆ, ಅರಿಶಿನ, ಕುಂಕುಮ ನೋಡಿ ಆ ಹೆಣ್ಣುಮಕ್ಕಳು ಮುಸಿಮುಸಿ ನಗುತ್ತಿದ್ದರು, ಬೆಲ್ಲ ಮಾತ್ರ ಆಗಲೇ ಖಾಲಿ ಮಾಡುತ್ತಿದ್ದರು.

ಈಗ ನನ್ನ ತಪ್ಪು ಹೇಳುತ್ತೇನೆ. ಅಷ್ಟು ವರ್ಷಗಳಲ್ಲಿ ಅವಳ ನಿಜವಾದ ಹೆಸರು ಏನೆಂದು ನಾನು ಕೇಳಲಿಲ್ಲ. ದೊಡ್ಡವಳು ಎಂದರೆ ಸಾಕಾಗಿತ್ತು. ಆ ನಾಲ್ಕು ಸಾಲುಗಳನ್ನು ನೂರು ಸಲ ನೋಡಿದ್ದೇನೆ, ಓದಲು ಬರಲಿಲ್ಲ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಅಪ್ಪನೇ ಸೇರಿಸಿದ್ದು. “ಇಲ್ಲಿ ಬದುಕುವವಳಿಗೆ ಇಲ್ಲಿಯ ಅಕ್ಷರ” ಎಂದಿದ್ದರು. ಹಳಗನ್ನಡ ಓದಿ ಅರ್ಥ ಹೇಳುವ ನಾನು ಅಪ್ಪನ ಲಿಪಿಯಲ್ಲಿ ಅ ಆ ಬಲ್ಲವಳಲ್ಲ. ಕಚೇರಿಯಲ್ಲಿ ಪುಸ್ತಕ ಒಪ್ಪಿಸುವಾಗ ಅದು ಅಪ್ಪ ಎಂದೋ ಬರೆಸಿದ ಮಂತ್ರ ಇರಬೇಕು ಎಂದುಕೊಂಡಿದ್ದೆ.

ನಲವತ್ತೊಂಬತ್ತನೇ ದಿನದ ಪೂಜೆಗೆ ಬೈಲಕುಪ್ಪೆಗೆ ಹೋದಾಗ ಆ ಗೆಳೆಯರು, ಆಗ ಎಂಬತ್ತು ದಾಟಿದವರು, ದೀಪಕ್ಕೆ ಬೆಣ್ಣೆ ಹಾಕುತ್ತ ಕೇಳಿದರು: “ಪುಸ್ತಕ ಎಲ್ಲಿ? ಅಪ್ಪ ಹೋದದ್ದನ್ನು ಬುಮೋಗೆ ತಿಳಿಸಬೇಕಲ್ಲ, ವಿಳಾಸ ಅದರಲ್ಲೇ ಇದೆ.” ಬೋಧಗಯೆಯ ಕಥೆ ನನಗೆ ಪೂರ್ತಿ ತಿಳಿದದ್ದೇ ಆಗ. ನೆನಪಿನಿಂದ ಹೇಳಿ ಎಂದು ಅಂಗಲಾಚಿದೆ. ಇಪ್ಪತ್ತೆಂಟು ವರ್ಷದ ಹಿಂದೆ ಬರೆದದ್ದು. ಡೋಲ್ಮಾ ಎಂದೋ ಡೋಲ್ಕರ್ ಎಂದೋ ಇತ್ತು ಎಂದರು. ನಮ್ಮಲ್ಲಿ ಲಕ್ಷ್ಮಿ, ಸರಸ್ವತಿ ಇದ್ದಷ್ಟೇ ಸಾಧಾರಣ ಹೆಸರುಗಳು. ಎರಡು ವರ್ಷದಲ್ಲಿ ಅವರೂ ಹೋದರು.

ಮಾರನೇ ವಾರವೇ ಕಚೇರಿಗೆ ಓಡಿದೆ. ಜಿಲ್ಲಾ ಕೇಂದ್ರಕ್ಕೆ ಕಳಿಸಿಯಾಗಿದೆ ಎಂದರು. ಜಿಲ್ಲಾ ಕೇಂದ್ರದಲ್ಲಿ ಕಡತ ಮುಕ್ತಾಯವಾಗಿದೆ ಎಂದರು. ಮುಕ್ತಾಯವಾದ ಕಡತ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಮುಕ್ತಾಯವಾಗಿದೆ ಎಂದೇ ಮತ್ತೆ ಉತ್ತರ. 2014ರಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೂಲ ಬೇಡ, ಎಲ್ಲ ಪುಟಗಳ ನಕಲು ಕೊಡಿ, ರಟ್ಟಿನ ಒಳಬದಿಯೂ ಸೇರಿ ಎಂದು ಸ್ಪಷ್ಟವಾಗಿ ಬರೆದಿದ್ದೆ. ಬಂದ ಉತ್ತರ ಒಂದೂವರೆ ಸಾಲು: ಕೇಳಿರುವುದು ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿ, ಒದಗಿಸಲು ಬರುವುದಿಲ್ಲ.

ಮಾನ್ಯರೇ, ವ್ಯಾಕರಣ ಪಾಠದಲ್ಲಿ ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ ಎಂದು ಮಕ್ಕಳಿಗೆ ಕಲಿಸುತ್ತೇನೆ. ನನ್ನ ಅಪ್ಪ ನನಗೆ ಮೂರನೇ ವ್ಯಕ್ತಿ ಯಾವಾಗ ಆದರು ಎಂದು ಇನ್ನೂ ತಿಳಿದಿಲ್ಲ. ಮೇಲ್ಮನವಿ ಹಾಕಬೇಕಿತ್ತು, ಸರಿ. ಶಾಲೆ, ಮಗಳ ಮದುವೆ, ಕೋವಿಡ್ ಎಂದು ವರ್ಷಗಳು ಹೋದವು. 2019ರಲ್ಲೊಮ್ಮೆ ಹೋದಾಗ ಆ ಕೋಣೆಗೆ ಕಂಪ್ಯೂಟರ್ ಬಂದಿತ್ತು, ಹಳೆಯ ದಾಖಲೆಯೆಲ್ಲ ಗೋಣಿಚೀಲದಲ್ಲಿ ಗೋದಾಮು ಸೇರಿತ್ತು. ಚೀಲದ ಬಾಯಿ ಇಲಿ ಕಚ್ಚಿದ್ದನ್ನು ನಾನೇ ಕಂಡೆ.

ಕಾನೂನು ಕೇಂದ್ರದ್ದು, ರಾಜ್ಯದ ಕೈಯಲ್ಲಿಲ್ಲ ಎಂದು ತಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ಕಾನೂನು ದಿಲ್ಲಿಯದು ನಿಜ, ಗೋದಾಮಿನ ಬೀಗದ ಕೈ ತಮ್ಮದು. ಅದೂ ಅಲ್ಲದೆ, ಅಪ್ಪನಿಗೆ ಪುಸ್ತಕ ಕೊಟ್ಟ 1939ರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ ಎರಡೂ ಈಗಿಲ್ಲ. 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ರದ್ದಾದ ಕಾಯ್ದೆಯ ಕಾಗದಗಳಿಗೆ ಸರ್ಕಾರಿ ಕಚೇರಿಯಲ್ಲಿ ಯಾವ ಗತಿ ಎಂದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷ ಸುಮ್ಮನಿದ್ದವಳು ಈಗ ಎದ್ದು ಕೂತು ಬರೆಯುತ್ತಿರುವುದು ಆ ಭಯಕ್ಕೇ.

ಅಪ್ಪ ಪೌರತ್ವಕ್ಕೆ ಅರ್ಜಿ ಹಾಕಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ ಎನ್ನುವವರಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು 2010ರಲ್ಲಿ ದಿಲ್ಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದಾಗ ಕ್ಯಾಂಪಿನ ಹುಡುಗರು ಸಿಹಿ ಹಂಚಿದ್ದರು. ಗಡಿ ದಾಟಿ ಬಂದ ಅಪ್ಪನ ತಲೆಮಾರಿಗೆ ಆ ತೀರ್ಪು ತಾಗುವುದಿಲ್ಲ. ಅರ್ಜಿ ಹಾಕೋಣ ಎಂದು ನಾನೇ ಒತ್ತಾಯಿಸಿದ್ದೆ. “ನೀವೆಲ್ಲ ಇಲ್ಲಿಯವರು, ಅದು ಸಾಕು. ನಾನೂ ಇಲ್ಲಿಯವನೇ ಅಂತ ಬರೆದುಕೊಟ್ಟರೆ, ಅಲ್ಲಿ ಕಾಯುವವಳಿಗೆ ಏನು ಹೇಳಲಿ?” ಎಂದರು. ಅಲ್ಲಿಗೆ ಮಾತು ಮುಗಿಯಿತು. ಅದು ಈ ದೇಶದ ಮೇಲಿನ ಮುನಿಸಲ್ಲ. ಎರಡು ಮನೆಯ ಯಜಮಾನನಾದವನು ಒಂದು ಮನೆಯ ಬಾಗಿಲನ್ನು ತನ್ನ ಕೈಯಾರೆ ಹಾಕಲಾರದೆ ಹೋದದ್ದು.

ನಾನು ಕೇಳುವುದು ಹಣವಲ್ಲ, ಜಮೀನಲ್ಲ, ಯಾರ ಮೇಲೂ ಕ್ರಮವಲ್ಲ. ಅಪ್ಪನ ಮೂರು ಪುಸ್ತಕಗಳ ಕಟ್ಟನ್ನು ಹುಡುಕಿಸಿ. ಸಿಕ್ಕರೆ ವಾಪಸ್ ಕೊಡಿಸಿ. ಕೊಡಲು ಬರುವುದೇ ಇಲ್ಲ ಎಂದಾದರೆ ಪ್ರತಿ ಪುಟದ, ಮುಖ್ಯವಾಗಿ ಎರಡನೇ ಪುಸ್ತಕದ ಹಿಂದಿನ ರಟ್ಟಿನ ಒಳಬದಿಯ, ಸ್ಪಷ್ಟವಾದ ಫೋಟೋ ತೆಗೆಯಲು ನನ್ನನ್ನು ಒಂದು ದಿನ ಆ ಗೋದಾಮಿನೊಳಗೆ ಬಿಡಿ. ಧೂಳು ನನಗೆ ಅಭ್ಯಾಸ, ಶಾಲೆಯ ಲೈಬ್ರರಿಯ ಉಸ್ತುವಾರಿಯೂ ನನ್ನದೇ.

ಇದು ನನ್ನೊಬ್ಬಳ ಕಥೆಯಲ್ಲ. 1959ರಲ್ಲಿ ಬಂದ ತಲೆಮಾರು ಮುಗಿಯುತ್ತ ಬಂದಿದೆ. ಅವರಲ್ಲಿ ಬಹುಮಂದಿಗೆ ಅಕ್ಷರವಿರಲಿಲ್ಲ. ಅವರ ಫೋಟೋ, ಹೆಬ್ಬೆಟ್ಟು, ಹುಟ್ಟೂರು, ಬಂದ ವರ್ಷ ಇರುವುದು ಸರ್ಕಾರದ ಈ ಪುಸ್ತಕಗಳಲ್ಲಿ ಮಾತ್ರ. ಪಾಸ್‌ಪೋರ್ಟಿನ ಅವಧಿ ಮುಗಿದರೆ ಮೂಲೆ ಕತ್ತರಿಸಿ, ರದ್ದು ಎಂದು ಮೊಹರು ಹಾಕಿ ವಾಪಸ್ ಕೊಡುತ್ತಾರೆ. ನನ್ನ ಹಳೆಯದು ಹಾಗೆಯೇ ಬೀರುವಿನಲ್ಲಿದೆ. ಆರ್.ಸಿ.ಗೂ ಹಾಗೇ ಮಾಡಿದರೆ ಏನು ಕಡಿಮೆಯಾಗುತ್ತದೆ? ತೀರಿಕೊಂಡವರ ಪುಸ್ತಕವನ್ನು ರದ್ದು ಮಾಡಿ ಮಕ್ಕಳ ಕೈಗೆ ಕೊಡಿ ಎಂದು ಒಂದು ಸುತ್ತೋಲೆ ಹೊರಡಿಸಿ, ಬೇಕಿದ್ದರೆ ಕೇಂದ್ರಕ್ಕೆ ಒಂದು ಪತ್ರ ಬರೆದು ಒಪ್ಪಿಗೆ ತರಿಸಿ. ಕೇಳುವವರಿಲ್ಲದ ಪುಸ್ತಕಗಳನ್ನು, ಬೈಲಕುಪ್ಪೆಯ ಮೊದಲ ದಿನಗಳ ರಿಜಿಸ್ಟರುಗಳನ್ನು ರದ್ದಿಗೆ ಹಾಕುವ ಮೊದಲು ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಿ. 2018ರ ಆಗಸ್ಟ್‌ನಲ್ಲಿ ಟಿಬೆಟನ್ನರು ಬೆಂಗಳೂರಿನಲ್ಲಿ ಸಭೆ ಸೇರಿ ‘ಥ್ಯಾಂಕ್ ಯೂ ಕರ್ನಾಟಕ’ ಎಂದರು, ದಲೈ ಲಾಮಾ ಅವರೇ ಬಂದಿದ್ದರು. ಯಾರು ಯಾರಿಗೆ ಧನ್ಯವಾದ ಹೇಳಿದರು ಎಂಬುದರ ಪಟ್ಟಿ ಆ ಗೋಣಿಚೀಲಗಳಲ್ಲಿದೆ.

ದೊಡ್ಡವಳು ಬದುಕಿದ್ದರೆ ಈಗ ಅರವತ್ತೆಂಟು ದಾಟಿರಬೇಕು. ಪತ್ರ ಬರೆದರೆ ಮುಟ್ಟುತ್ತದೋ ಇಲ್ಲವೋ, ಮುಟ್ಟಿದರೆ ಅವಳಿಗೆ ತೊಂದರೆಯಾಗುತ್ತದೋ, ಅದನ್ನೆಲ್ಲ ಬಲ್ಲವರನ್ನು ಕೇಳಿಕೊಂಡೇ ಮುಂದಿನ ಹೆಜ್ಜೆ ಇಡುತ್ತೇನೆ. ಅದು ನಮ್ಮ ಮನೆಯ ವಿಚಾರ. ಹೆಸರು ಮಾತ್ರ ಬೇಕು.

ಹುಡುಕುವವರಿಗೆ ಗುರುತು ಸಿಗಲಿ ಎಂದು ಬರೆಯುತ್ತಿದ್ದೇನೆ. ಮೂರು ಪುಸ್ತಕಗಳೂ ಒಂದೇ ಕಟ್ಟು. ಹಳೆಯದು ತುಂಬಿದಾಗಲೆಲ್ಲ ಹೊಸದನ್ನು ಅದರ ಬೆನ್ನಿಗೆ ಸೇರಿಸಿ ಅವ್ವ ಹೊಲಿದಿದ್ದಾಳೆ, ದಬ್ಬಳದಲ್ಲಿ, ಸ್ವೆಟರಿನಿಂದ ಬಿಚ್ಚಿದ ಉಣ್ಣೆ ದಾರದಲ್ಲಿ. ಮೊದಲ ಹೊಲಿಗೆಯ ದಾರ ನೀಲಿ. ಮೂರನೆಯದನ್ನು ಸೇರಿಸುವಾಗ ನೀಲಿ ಸಾಲದೆ ಕೆಂಪು ಹಾಕಿದ್ದಾಳೆ. ಸ್ವೀಕೃತಿ ಚೀಟಿಯ ನಕಲು ಇದರೊಂದಿಗೆ ಇದೆ.

ಇಂತಿ ತಮ್ಮ ವಿಶ್ವಾಸಿ,
ಪೆನ್ಪೊದ ಪಾಲಾ ಅವರ ಎರಡನೆಯ ಮಗಳು